ಕಾರಿನ ಗೀರು, ಬಂಪರಿನ ಏಟು: ಸ್ಪ್ರೇ ಡಬ್ಬಿ ಕೊನೆಗೆ, ಮೊದಲು ಉಳಿದದ್ದು

ಹೋದ ಬೇಸಿಗೆಯಿಂದ ನನಗೆ ಒಂದೇ ಥರದ ಫೋಟೋಗಳು ಬರುತ್ತಿವೆ. ಬಂಪರಿನ ಒಂದು ಮೂಲೆ, ಅದರ ಮೇಲೆ ಅಂಗೈ ಅಗಲದ ಮಸುಕು ತೇಪೆ, ಸುತ್ತ ಟೇಪ್ ಅಂಟಿಸಿದ ಕಡೆ ಚೌಕಾಕಾರದ ಗೆರೆ. ಜೊತೆಗೆ ಒಂದೇ ಪ್ರಶ್ನೆ: "ಕಲರ್ ಅದೇ ತಂದಿದ್ದೆ ಕಣ್ರೀ, ಯಾಕೆ ಹಿಂಗಾಯ್ತು?" ಇನ್ನು ಕೆಲವರದ್ದು ನೋಡೋಕೆ ಚೆನ್ನಾಗೇ ಇರುತ್ತದೆ, ತಿಂಗಳು ಕಳೆಯೋದರೊಳಗೆ ಸಿಪ್ಪೆ ಏಳುತ್ತದೆ.

ಬಣ್ಣದ ತಪ್ಪು ಇರೋದು ಕಡಿಮೆ. ಬಣ್ಣಕ್ಕೆ ಮುಂಚಿನ ಕೆಲಸದಲ್ಲೇ ಎಡವಿರುತ್ತಾರೆ. ಒಂದು ಬಂಪರ್ ಮೂಲೆಗೆ ಎರಡು ದಿನ ಹಿಡಿದರೆ ಅದರಲ್ಲಿ ಬಣ್ಣ ಹೊಡೆಯೋದು ಇಪ್ಪತ್ತು ನಿಮಿಷ. ಮಿಕ್ಕಿದ್ದೆಲ್ಲ ತೊಳೆಯೋದು, ಉಜ್ಜೋದು, ಕಾಯೋದು. ಅದಕ್ಕೇ ಇಲ್ಲಿ ಹೇಳಿರುವ ಕ್ರಮವನ್ನು ಹಿಂದೆ ಮುಂದೆ ಮಾಡಬೇಡಿ.

## 1. ಗೀರು ಎಷ್ಟು ಆಳ ಅಂತ ನೋಡಿ

ಕಾರಿನ ತಗಡಿನ ಮೇಲೆ ಪ್ರೈಮರ್ (ಬಣ್ಣ ಹಿಡಿಯೋಕೆ ಹಾಕುವ ತಳಪದರ), ಅದರ ಮೇಲೆ ಬಣ್ಣ, ಅದರ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್ ಇರುತ್ತದೆ. ಹೊಳಪು ಕೊಡೋದು ಈ ಕ್ಲಿಯರ್. ಇದರ ದಪ್ಪ ಸುಮಾರು 40-50 ಮೈಕ್ರಾನ್, ಅಂದರೆ ತಲೆಕೂದಲಿಗಿಂತ ತೆಳು. ನೀವು ಉಜ್ಜಿದಷ್ಟೂ ಇದೇ ಸವೆಯುತ್ತದೆ ಅನ್ನೋದು ನೆನಪಿರಲಿ.

ಜಾಗವನ್ನು ತೊಳೆದು ಒರೆಸಿ, ನಾಲ್ಕು ಪರೀಕ್ಷೆ ಮಾಡಿ.

ಮೊದಲನೆಯದು, ಅದು ನಿಜವಾಗಲೂ ಗೀರೇನಾ? ಗೇಟು, ಗೋಡೆ, ಬೇರೆ ಗಾಡಿ ತಾಗಿದಾಗ ಅವುಗಳ ಬಣ್ಣ ನಿಮ್ಮ ಕಾರಿಗೆ ಮೆತ್ತಿಕೊಳ್ಳುತ್ತದೆ. ನಮ್ಮ ಓಣಿಯ ಮೇಷ್ಟ್ರೊಬ್ಬರ ಬಿಳಿ ಕಾರಿಗೆ ಹಿಂದಿನ ಬಂಪರಿನಲ್ಲಿ ಗೇಣುದ್ದ ಕೆಂಪು ಗೆರೆ ಆಗಿತ್ತು. ಇಡೀ ಬಂಪರ್ ಪೇಂಟ್ ಆಗಬೇಕು ಅಂತ ಒಂದು ಕಡೆ ಹೇಳಿ ಕಳಿಸಿದ್ದರು. ರಬ್ಬಿಂಗ್ ಕಾಂಪೌಂಡ್ (ಪೇಂಟಿನ ಮೇಲ್ಮೈ ಉಜ್ಜುವ ಪೇಸ್ಟ್) ಹಚ್ಚಿ ಐದು ನಿಮಿಷ ಉಜ್ಜಿದೆ, ಹೋಯಿತು. ಅದು ಅವರದೇ ಗೇಟಿನ ರೆಡ್ ಆಕ್ಸೈಡ್! ಬೆರಳಿಗೆ ಸುತ್ತಿದ ಬಟ್ಟೆಗೆ ಚೂರು ರಬ್ಬಿಂಗ್ ಕಾಂಪೌಂಡ್ ಹಚ್ಚಿ ಒಂದಿಂಚು ಜಾಗದಲ್ಲಿ ಉಜ್ಜಿ ನೋಡಿ. ಬಟ್ಟೆಗೆ ಎದುರಿನವರ ಬಣ್ಣ ಬಂದರೆ ಅರ್ಧ ಕೆಲಸ ಮುಗಿದಂತೆ.

ಎರಡನೆಯದು, ಗೀರಿನ ಮೇಲೆ ನೀರು ಚಿಮುಕಿಸಿ. ಒದ್ದೆ ಇರುವಷ್ಟು ಹೊತ್ತು ಗೀರು ಮಾಯವಾಗಿ, ಒಣಗಿದ ಮೇಲೆ ಮತ್ತೆ ಕಂಡರೆ ಅದು ಕ್ಲಿಯರ್ ಕೋಟ್‌ನಲ್ಲೇ ಇದೆ. ಪಾಲಿಶ್‌ಗೆ ಹೋಗುತ್ತದೆ.

ಮೂರನೆಯದು, ಉಗುರನ್ನು ಗೀರಿಗೆ ಅಡ್ಡಲಾಗಿ ಮೆಲ್ಲಗೆ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಬರೀ ಪಾಲಿಶ್ ಸಾಲದು.

ನಾಲ್ಕನೆಯದು, ಗೀರಿನ ತಳದಲ್ಲಿ ಯಾವ ಬಣ್ಣ ಕಾಣುತ್ತಿದೆ? ಬೂದು ಇದ್ದರೆ ಸಾಮಾನ್ಯವಾಗಿ ಪ್ರೈಮರ್. ಮಿಂಚುವ ಬೆಳ್ಳಿ ಬಣ್ಣ ಅಥವಾ ಕಂದು ಇದ್ದರೆ ತಗಡು ಬಯಲಾಗಿದೆ, ತಡ ಮಾಡಬೇಡಿ. ಬಂಪರಿನಲ್ಲಿ ಕಪ್ಪು ಕಂಡರೆ ಅದು ಪ್ಲಾಸ್ಟಿಕ್. ಪ್ಲಾಸ್ಟಿಕ್ಕಿಗೆ ತುಕ್ಕಿನ ಭಯ ಇಲ್ಲ, ಒಂದು ವಾರ ಬಿಟ್ಟು ಮಾಡಿದರೂ ನಡೆಯುತ್ತದೆ.

## 2. ಮನೆಯಲ್ಲಿ ಮಾಡೋದಾ, ಗ್ಯಾರೇಜಿಗಾ?

ಇದನ್ನು ಉಪ್ಪುಕಾಗದ ಹಿಡಿಯುವ ಮುಂಚೆ ತೀರ್ಮಾನ ಮಾಡಿ. ಅರ್ಧ ಉಜ್ಜಿದ ಕಾರು ತಗೊಂಡು ಹೋದರೆ ಟಿಂಕರಿಂಗ್‌ನವರು ಜಾಸ್ತಿನೇ ಕೇಳುತ್ತಾರೆ.

ಬಂಪರನ್ನು ಕಾರಿಗೆ ಹಿಡಿದಿಡುವ ಕಿವಿಗಳು ಮುರಿದಿದ್ದರೆ, ಬಂಪರಿನಲ್ಲಿ ರೇಡಾರ್ ಇರುವ ಕಾರಾದರೆ, ಏಟು ಬಂಪರ್ ದಾಟಿ ಒಳಗಿನ ಕಬ್ಬಿಣದ ಪಟ್ಟಿಗೆ ಬಿದ್ದಿದ್ದರೆ ಕೈ ಹಾಕಬೇಡಿ. ಮುತ್ತಿನಂತೆ ಹೊಳೆಯುವ ಮೂರು ಪದರದ ಪರ್ಲ್ ಬಣ್ಣವೂ ಮನೆ ಕೆಲಸ ಅಲ್ಲ. ಬಾಗಿಲ ತಗಡು ತಗ್ಗಾಗಿ ಬಣ್ಣ ಒಡೆಯದೇ ಉಳಿದಿದ್ದರೆ ಬಣ್ಣವನ್ನೇ ಮುಟ್ಟದೆ ಹಿಂದಿನಿಂದ ತಳ್ಳಿ ತೆಗೆಯುವವರು ಇದ್ದಾರೆ, ಅವರನ್ನು ಹುಡುಕಿ.

ಇನ್ಶೂರೆನ್ಸ್ ಲೆಕ್ಕವನ್ನೂ ಈಗಲೇ ಹಾಕಿ. ಕ್ಲೇಮ್ ಮಾಡದ ವರ್ಷಗಳಿಗೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ 20, 25, 35, 45, 50 ಶೇಕಡಾ ಹೀಗೆ ರಿಯಾಯಿತಿ ಏರುತ್ತದೆ. ಒಂದು ಕ್ಲೇಮ್ ಹಾಕಿದರೆ, ಅದನ್ನು ಉಳಿಸುವ ಆಡ್-ಆನ್ ಇಲ್ಲದಿದ್ದರೆ, ಸೊನ್ನೆಗೆ ಇಳಿಯುತ್ತದೆ. ಝೀರೋ ಡೆಪ್ (ಸವಕಳಿ ಕಳೆಯದೆ ಕ್ಲೇಮ್ ಕೊಡುವ ಆಡ್-ಆನ್) ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗ ಬದಲಿಸಿದರೆ ಅದರ ಬೆಲೆಯಲ್ಲಿ ಅರ್ಧ ನೀವೇ ಕಟ್ಟಬೇಕು. ಅಂಗೈಯಗಲದ ಗೀರಿಗೆ ಕ್ಲೇಮ್ ಹಾಕೋದು ನನ್ನ ಪ್ರಕಾರ ದಡ್ಡತನ.

## 3. ಸಾಮಾನು ಜೋಡಿಸಿಕೊಳ್ಳಿ

ಬರೀ ಪಾಲಿಶ್ ಕೆಲಸಕ್ಕೆ ಕಾರ್ ಶಾಂಪೂ, ಎರಡು ಬಕೆಟ್, ನಾಲ್ಕೈದು ಮೈಕ್ರೋಫೈಬರ್ ಬಟ್ಟೆ, ರಬ್ಬಿಂಗ್ ಕಾಂಪೌಂಡ್, ಪಾಲಿಶ್, ವ್ಯಾಕ್ಸ್ ಸಾಕು.

ಬಣ್ಣದ ಕೆಲಸಕ್ಕೆ ಇನ್ನೂ ಬೇಕು. 180, 320, 600, 800, 2000 ಮತ್ತು 3000 ನಂಬರಿನ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಉಪ್ಪುಕಾಗದ; ನಂಬರ್ ಹೆಚ್ಚಿದಷ್ಟೂ ನಯ. ಅದನ್ನು ಸುತ್ತಿಕೊಳ್ಳೋಕೆ ಒಂದು ರಬ್ಬರ್ ಬ್ಲಾಕ್. ಐಸೊಪ್ರೊಪೈಲ್ ಆಲ್ಕೋಹಾಲ್. ಪೇಂಟಿಂಗ್‌ಗೆ ಅಂತಲೇ ಮಾರುವ ಮಾಸ್ಕಿಂಗ್ ಟೇಪ್, ಹಳೇ ನ್ಯೂಸ್ ಪೇಪರ್. ಬಂಪರಿಗೆ ಪ್ಲಾಸ್ಟಿಕ್ ಅಡ್ಹೀಶನ್ ಪ್ರಮೋಟರ್, ಅಂದರೆ ಪ್ಲಾಸ್ಟಿಕ್ಕಿಗೆ ಬಣ್ಣ ಅಂಟುವಂತೆ ಮಾಡುವ ದ್ರಾವಣ. ಪ್ರೈಮರ್, ಬಣ್ಣ, ಕ್ಲಿಯರ್.

ಮುಖಕ್ಕೆ ಹಾಕುವ ಮಾಸ್ಕ್ ವಿಷಯದಲ್ಲಿ ಉಳಿತಾಯ ಬೇಡ. ಹಾರ್ಡ್ನರ್ (ಗಟ್ಟಿಯಾಗಿಸುವ ದ್ರವ) ಬೆರೆಸುವ ಟೂ-ಕೆ ಕ್ಲಿಯರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಉಸಿರಲ್ಲಿ ಹೋದರೆ ಆಸ್ತಮಾ ಅಂಟಿಸುವ ವಸ್ತು ಅದು. ಕೊರೊನಾ ಕಾಲದ ಬಟ್ಟೆ ಮಾಸ್ಕು ಇದಕ್ಕೆ ಏನೇನೂ ಅಲ್ಲ. ಕ್ಯಾರ್ಟ್ರಿಜ್ ಇರುವ ರೆಸ್ಪಿರೇಟರ್ ಇಲ್ಲದಿದ್ದರೆ ಮನೆಯಲ್ಲಿ ಟೂ-ಕೆ ಹೊಡೆಯಲೇಬೇಡಿ, ಹಾರ್ಡ್ನರ್ ಇಲ್ಲದ ಒನ್-ಕೆ ಕ್ಲಿಯರ್‌ಗೆ ತೃಪ್ತಿಪಡಿ. ಅದಕ್ಕೂ ಬಯಲು ಜಾಗ ಬೇಕು. ಹತ್ತಿರ ಒಲೆ, ದೀಪ, ಊದುಬತ್ತಿ ಯಾವುದೂ ಇರಬಾರದು.

## 4. ತೊಳೆಯಿರಿ, ಜಿಡ್ಡು ತೆಗೆಯಿರಿ

ನಮ್ಮ ಕಡೆ ಸುಗ್ಗಿ ಕಾಲದಲ್ಲಿ ಅರ್ಧ ರಸ್ತೆ ಮೆಕ್ಕೆಜೋಳ ಒಣಗಿಸೋಕೇ ಹೋಗುತ್ತದೆ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಕಡೆ ಕಾರು ನಿಲ್ಲಿಸಿದರೆ ಬೆಳಗ್ಗೆ ಬಾನೆಟ್ ಮೇಲೆ ಕಪ್ಪು ಮಸಿ. ಈ ಧೂಳನ್ನು ಒಣ ಬಟ್ಟೆಯಿಂದ ಫಟ್ ಫಟ್ ಅಂತ ಒರೆಸುವವರೇ ಜಾಸ್ತಿ. ಬಿಸಿಲಲ್ಲಿ ಜೇಡರ ಬಲೆಯ ಹಾಗೆ ಸುತ್ತು ಸುತ್ತಾಗಿ ಕಾಣುವ ಗೀರುಗಳು ಬರೋದು ಇದರಿಂದಲೇ.

ಮೊದಲು ಬರೀ ನೀರು ಹಾಯಿಸಿ ಧೂಳು ಇಳಿಸಿ. ಆಮೇಲೆ ಒಂದು ಬಕೆಟ್ಟಿನಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸೋಕೆ ಬರೀ ನೀರು. ಬಟ್ಟೆ ಒಗೆಯುವ ಪುಡಿ ಬೇಡ. ಬೋರ್ ನೀರಾದರೆ ತಾನಾಗೇ ಒಣಗೋಕೆ ಬಿಡಬೇಡಿ, ಬಿಳಿ ಕಲೆ ಕೂರುತ್ತದೆ.

ಒಣಗಿದ ಮೇಲೆ ಆಲ್ಕೋಹಾಲಿಗೆ ಅಷ್ಟೇ ನೀರು ಬೆರೆಸಿ ಒಂದು ಬಟ್ಟೆಯಿಂದ ಒರೆಸಿ, ಅದು ಆರುವ ಮುಂಚೆ ಇನ್ನೊಂದು ಒಣ ಬಟ್ಟೆಯಿಂದ ಎತ್ತಿ. ಒಂದೇ ಬಟ್ಟೆಯಲ್ಲಿ ಮಾಡಿದರೆ ಜಿಡ್ಡು ಇಲ್ಲಿಂದ ಅಲ್ಲಿಗೆ ಹೋಗುತ್ತದೆ, ಅಷ್ಟೇ. ಡ್ಯಾಶ್‌ಬೋರ್ಡ್, ಟೈರು ಮಿಂಚಿಸುವ ದ್ರಾವಣಗಳಲ್ಲಿ ಸಿಲಿಕೋನ್ ಇರುತ್ತದೆ. ಅದರ ಒಂದು ಹನಿ ಉಳಿದಿದ್ದರೂ ಬಣ್ಣ ಅಲ್ಲಿ ಕೂರದೆ ಸಣ್ಣ ಸಣ್ಣ ಗುಂಡಿಗಳಾಗಿ ಸರಿಯುತ್ತದೆ. ಪೇಂಟರ್‌ಗಳು ಇದನ್ನು ಫಿಶ್ ಐ ಅನ್ನುತ್ತಾರೆ.

## 5. ಮೇಲ್ಪದರದ ಗೀರಿಗೆ ಕಾಂಪೌಂಡ್

ನೆರಳಲ್ಲಿ, ತಗಡು ಕೈಗೆ ತಣ್ಣಗಿದ್ದಾಗ ಮಾಡಿ. ಒಂದು ಅಡಿ ಚೌಕಕ್ಕೆ ಕಡಲೆಕಾಳಿನಷ್ಟು ನಾಲ್ಕು ಚುಕ್ಕೆ ಕಾಂಪೌಂಡ್ ಸಾಕು. ಮೊದಲು ಅಡ್ಡ, ಆಮೇಲೆ ಉದ್ದ ಉಜ್ಜಿ. ಮಧ್ಯೆ ಒರೆಸಿ ನೋಡುತ್ತಿರಿ. ಮೂರ್ನಾಲ್ಕು ಸುತ್ತಿಗೂ ಹೋಗದಿದ್ದರೆ ಗೀರಿನ ಮೇಲಷ್ಟೇ 3000 ನಂಬರ್ ಪೇಪರನ್ನು ನೀರು ಹಾಕಿ ಹಗುರವಾಗಿ ಎಳೆದು, ಮತ್ತೆ ಕಾಂಪೌಂಡ್, ಪಾಲಿಶ್, ವ್ಯಾಕ್ಸ್.

ಅಪಾಯದ ಗುರುತು ಒಂದೇ: ಬಟ್ಟೆಗೆ ನಿಮ್ಮ ಕಾರಿನ ಬಣ್ಣ ಬರತೊಡಗಿದರೆ ತಕ್ಷಣ ನಿಲ್ಲಿಸಿ. ಕ್ಲಿಯರ್ ಮುಗಿದಿದೆ ಅಂತ ಅರ್ಥ. ಕ್ಲಿಯರ್ ಇಲ್ಲದ ಹಳೇ ಕಾಲದ ಪೇಂಟಾದರೆ ಮಾತ್ರ ಹೀಗೆ ಬರೋದು ಸಹಜ. ಬಾಗಿಲ ಅಂಚು, ಬಾಡಿಯ ಏಣುಗಳ ಮೇಲೆ ಪದರ ಇನ್ನೂ ತೆಳು, ಅಲ್ಲಿ ಟೇಪ್ ಹಚ್ಚಿಕೊಂಡು ಕೆಲಸ ಮಾಡಿ.

ಟೂತ್‌ಪೇಸ್ಟ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದರಲ್ಲೂ ಉಜ್ಜುವ ಪುಡಿ ಇರೋದು ನಿಜ. ಹಲ್ಲಿಗೆ ಮಾಡಿದ್ದನ್ನು ಹಲ್ಲಿಗೇ ಬಳಸಿ.

## 6. ತಗಡು ಕಂಡಿದ್ದರೆ

ಗೀರಿನೊಳಗೆ ತುಕ್ಕು ಇದ್ದರೆ 320 ಪೇಪರನ್ನು ಪೆನ್ಸಿಲಿನ ಹಿಂಬದಿಗೆ ಸುತ್ತಿ, ಗೀರಿನ ಗೆರೆಯಲ್ಲೇ ಕೆರೆಯಿರಿ. ಕಂದು ಪೂರ್ತಿ ಹೋಗಬೇಕು. ತುಕ್ಕಿನ ಮೇಲೆ ಬಣ್ಣ ಬಳಿದರೆ ಮಳೆಗಾಲ ಮುಗಿಯುವಷ್ಟರಲ್ಲಿ ಗುಳ್ಳೆ ಏಳುತ್ತದೆ. ಅದೇ ದಿನ ಪ್ರೈಮರ್ ಹಚ್ಚಿ, ರಾತ್ರಿ ಹಾಗೇ ಬಿಡಬೇಡಿ.

ಟಚ್-ಅಪ್ ಬಾಟಲಿಯ ಬ್ರಷ್ ಇಂಥ ಕೆಲಸಕ್ಕೆ ತುಂಬ ದಪ್ಪ. ಹಲ್ಲುಕಡ್ಡಿಯ ತುದಿಯಲ್ಲಿ ಬಣ್ಣ ಎತ್ತಿ ಗೀರಿನೊಳಗೆ ಹರಿಯಬಿಡಿ. ಬಣ್ಣ ಒಣಗುವಾಗ ಕುಗ್ಗುತ್ತದೆ. ಆದ್ದರಿಂದ ಒಂದೇ ಸಲ ತುಂಬಬೇಡಿ, ಅರ್ಧ ಗಂಟೆಗೊಂದು ತೆಳು ಪದರ ಕೊಡಿ. ಕೊನೆಗೆ ಕ್ಲಿಯರ್ ಹಾಕಿ, ಸುತ್ತಲಿಗಿಂತ ಕೂದಲೆಳೆಯಷ್ಟು ಉಬ್ಬಿದ್ದಾಗ ನಿಲ್ಲಿಸಿ. ಕನಿಷ್ಠ ಒಂದು ವಾರ ಬಿಟ್ಟು 2000 ಪೇಪರಿನಿಂದ ಆ ಉಬ್ಬು ಸಮ ಮಾಡಿ, ಕಾಂಪೌಂಡ್ ಉಜ್ಜಿ. ಹತ್ತಿರದಿಂದ ನೋಡಿದರೆ ಗುರುತು ಕಾಣುತ್ತದೆ. ಮೂರು ಅಡಿ ದೂರ ನಿಂತರೆ ಕಾಣಲ್ಲ. ತಗಡಿನ ಗೀರಿಗೆ ಮನೆಯಲ್ಲಿ ಇದಕ್ಕಿಂತ ಜಾಸ್ತಿ ಆಸೆ ಪಡಬೇಡಿ.

## 7. ಬಂಪರ್ ಒಳಗೆ ಹೋಗಿದ್ದರೆ ಮೊದಲು ಬಿಸಿ ನೀರು

ಬಂಪರ್ ತಗ್ಗಾಗಿ ಬಿರುಕು ಬಿಡದೇ ಇದ್ದರೆ ಇದು ಮೊದಲ ಕೆಲಸ. ಬಣ್ಣ ಮಾಡಿದ ಮೇಲೆ ತಗ್ಗು ಎತ್ತಿದರೆ ಹೊಸ ಬಣ್ಣ ಬಿರಿಯುತ್ತದೆ.

ಕೆಳಗಿನಿಂದ ಅಥವಾ ಚಕ್ರದ ಗೂಡಿನ ಲೈನರ್ ಸರಿಸಿ, ಕೈ ಒಳಗೆ ಹೋಗುತ್ತದಾ ನೋಡಿಕೊಳ್ಳಿ. ದಪ್ಪ ಕೈಗವಸು ಹಾಕಿಕೊಳ್ಳಿ. ಒಂದು ಕೆಟಲ್ ಕುದಿಯುವ ನೀರನ್ನು ತಗ್ಗಿನ ಸುತ್ತ ನಿಧಾನಕ್ಕೆ ಸುರಿಯಲು ಒಬ್ಬರಿಗೆ ಹೇಳಿ. ಒಳಗಿರುವ ಕೈ ನೀರಿನ ದಾರಿಯಲ್ಲಿ ಇರದಂತೆ ನೋಡಿಕೊಂಡು, ನೀರು ನಿಂತ ಮೇಲೆ ತಗ್ಗಿನ ಅಂಚಿನಿಂದ ನಡುವಿಗೆ ಒತ್ತುತ್ತಾ ಬನ್ನಿ. ನೇರ ನಡುವಿಗೆ ಗುದ್ದಿದರೆ ಸುತ್ತ ಮಡಿಕೆ ಉಳಿಯುತ್ತದೆ. ಟಪ್ ಅಂತ ಹೊರಗೆ ಬಂದ ಕೂಡಲೇ ತಣ್ಣೀರು ಹಾಕಿ, ಆಕಾರ ನಿಲ್ಲುತ್ತದೆ. ಎರಡು ಮೂರು ಸಲ ಬೇಕಾಗಬಹುದು.

ಪಾರ್ಕಿಂಗ್ ಸೆನ್ಸರ್, ಫಾಗ್ ಲ್ಯಾಂಪ್ ಹತ್ತಿರ ನೀರು ಸುರಿಯಬೇಡಿ. ಹಾಟ್ ಏರ್ ಗನ್ ಇದ್ದವರು ಒಂದೇ ಕಡೆ ಹಿಡಿದು ನಿಲ್ಲುತ್ತಾರೆ, ಬಣ್ಣ ಗುಳ್ಳೆ ಬಂದು ಚಿಕ್ಕ ಕೆಲಸ ದೊಡ್ಡದಾಗುತ್ತದೆ. ಬಿಸಿ ನೀರು 100 ಡಿಗ್ರಿ ದಾಟಲ್ಲ, ಅದೇ ಅದರ ಗುಣ.

## 8. ಬಂಪರ್ ಉಜ್ಜಿ, ತುಂಬಿ

ಬಂಪರಿನ ಒಳಮೈಯಲ್ಲಿ ಯಾವ ಪ್ಲಾಸ್ಟಿಕ್ ಅಂತ ಅಚ್ಚು ಇರುತ್ತದೆ. ಹೆಚ್ಚಿನವು ಪಿಪಿ, ಅಂದರೆ ಪಾಲಿಪ್ರೊಪಿಲೀನ್, ಜೊತೆಗೆ ಇಪಿಡಿಎಂ ಅನ್ನುವ ರಬ್ಬರ್. ಅಚ್ಚು ಕಾಣದಿದ್ದರೆ ಒಳ ಅಂಚಿನಿಂದ ಉಗುರಿನಷ್ಟು ಚೂರು ಕೆತ್ತಿ ನೀರಿಗೆ ಹಾಕಿ. ಪಿಪಿ ಸಾಮಾನ್ಯವಾಗಿ ತೇಲುತ್ತದೆ, ಎಬಿಎಸ್ ಅನ್ನುವ ಇನ್ನೊಂದು ಪ್ಲಾಸ್ಟಿಕ್ ಮುಳುಗುತ್ತದೆ. ಯಾಕೆ ಇಷ್ಟು ತಲೆಕೆಡಿಸಿಕೊಳ್ಳಬೇಕು ಅಂದರೆ, ಪಿಪಿಗೆ ಬಣ್ಣ ತಾನಾಗೇ ಅಂಟಲ್ಲ. ಎಣ್ಣೆ ಸವರಿದ ಬಾಳೆ ಎಲೆ ಇದ್ದ ಹಾಗೆ.

ಇದನ್ನು ನಾನು ಕಲಿತಿದ್ದು ನನ್ನ ಬೆಳ್ಳಿ ಬಣ್ಣದ ಕಾರಿನ ಮೇಲೆ. ಚೆನ್ನಾಗಿ ಉಜ್ಜಿದೆ, ತಗಡಿಗೆ ಹಾಕುವ ಪ್ರೈಮರ್ ಹಾಕಿದೆ, ಬಣ್ಣ, ಕ್ಲಿಯರ್ ಎಲ್ಲಾ ಸೊಗಸಾಗಿ ಕೂತಿತ್ತು. ಒಂದೂವರೆ ತಿಂಗಳಿಗೆ ವಾಟರ್ ಸರ್ವಿಸ್‌ಗೆ ಕೊಟ್ಟೆ. ಹುಡುಗ ಪ್ರೆಶರ್ ಗನ್ ಹಿಡಿದ, ನನ್ನ ಎರಡು ದಿನದ ಕೆಲಸ ಈರುಳ್ಳಿ ಸಿಪ್ಪೆಯ ಹಾಗೆ ಒಂದೇ ತುಂಡಾಗಿ ಎದ್ದು ಮೋರಿಗೆ ಹೋಯಿತು. ಅವನದೇನೂ ತಪ್ಪಿಲ್ಲ.

ಆಳವಾದ ಗೀರಿನ ತುದಿಗಳನ್ನು 180ರಿಂದ ಇಳಿಜಾರು ಮಾಡಿ, ಆಮೇಲೆ 320. ಹಳೇ ಬಣ್ಣದ ಅಂಚು ಮೆಟ್ಟಿಲಿನಂತೆ ಇರಬಾರದು. ಕಣ್ಣು ಮುಚ್ಚಿ ಬೆರಳು ಸವರಿದರೆ ಎಲ್ಲಿ ಬಣ್ಣ ಮುಗಿದು ಪ್ಲಾಸ್ಟಿಕ್ ಶುರುವಾಯಿತು ಅಂತ ಗೊತ್ತಾಗಬಾರದು, ಅಲ್ಲಿಯವರೆಗೂ ಉಜ್ಜಿ. ಪಿಪಿ ಉಜ್ಜುವಾಗ ಹತ್ತಿಯಂತೆ ನವಿರು ನೂಲು ಏಳುತ್ತದೆ. ಅದನ್ನು ಬಿಟ್ಟರೆ ಬಣ್ಣದ ಕೆಳಗೆ ಮುಳ್ಳುಮುಳ್ಳಾಗಿ ಕಾಣುತ್ತದೆ. 600 ಪೇಪರನ್ನು ನೀರಿನಲ್ಲಿ, ಭಾರ ಹಾಕದೆ ಆಡಿಸಿ ತೆಗೆಯಿರಿ.

ಹಳ್ಳ ತುಂಬೋಕೆ ಮಾಮೂಲಿ ಪುಟ್ಟಿ ಬೇಡ. ಅದು ತಗಡಿಗೆ ಮಾಡಿದ್ದು, ಬಂಪರ್ ಬಾಗಿದಾಗ ಸೀಳುತ್ತದೆ. ಪ್ಲಾಸ್ಟಿಕ್ ಬಂಪರ್‌ಗೆ ಅಂತಲೇ ಸಿಗುವ ಬಾಗುವ ಪುಟ್ಟಿ ಕೇಳಿ. ಆರ್ಡಿನರಿ ಪುಟ್ಟಿ ಕೊಟ್ಟು "ಎಲ್ಲಾ ಒಂದೇ ಸಾರ್" ಅಂದರೆ ವಾಪಸ್ ಬನ್ನಿ. ತುಂಬುವ ಮುಂಚೆ ಪ್ಲಾಸ್ಟಿಕ್ ಮೇಲೆ ಪ್ರಮೋಟರ್ ಬೇಕಾ ಅಂತ ಆ ಪುಟ್ಟಿಯ ಡಬ್ಬಿ ಮೇಲೆ ಬರೆದಿರುತ್ತದೆ, ಓದಿ.

## 9. ಪ್ರೈಮರ್, ಕಪ್ಪು ಮಂಜಿನ ಉಪಾಯ

ಇನ್ನೊಮ್ಮೆ ಆಲ್ಕೋಹಾಲ್ ಒರೆಸಿ. ಇದಾದ ಮೇಲೆ ಬರಿಗೈಲಿ ಮುಟ್ಟಬೇಡಿ. ಬರೀ ಪ್ಲಾಸ್ಟಿಕ್ ಕಾಣುವ ಕಡೆ ಅಡ್ಹೀಶನ್ ಪ್ರಮೋಟರ್ ಒಂದೆರಡು ತೆಳು ಪದರ. ಅದರ ಡಬ್ಬಿಯಲ್ಲಿ ಬರೆದ ಸಮಯದೊಳಗೇ ಪ್ರೈಮರ್ ಹಾಕಬೇಕು, ಊಟ ಮಾಡಿಕೊಂಡು ಬರ್ತೀನಿ ಅಂತ ಹೋಗಬೇಡಿ. ಪ್ರೈಮರ್ ಎರಡು ಮೂರು ಪದರ, ಒಂದೊಂದರ ಮಧ್ಯೆ ಹತ್ತು ಹದಿನೈದು ನಿಮಿಷ.

ಒಣಗಿದ ಮೇಲೆ ಅಗ್ಗದ ಕಪ್ಪು ಸ್ಪ್ರೇಯನ್ನು ದೂರದಿಂದ ಮಂಜಿನಂತೆ ಚಿಮುಕಿಸಿ. ಆಮೇಲೆ 600, ಕೊನೆಗೆ 800 ಪೇಪರನ್ನು ಬ್ಲಾಕಿಗೆ ಸುತ್ತಿ ನೀರು ಹಾಕಿ ಉಜ್ಜಿ. ಉಬ್ಬಿನ ಮೇಲಿನ ಕಪ್ಪು ಮೊದಲು ಹೋಗುತ್ತದೆ. ಕಪ್ಪು ಚುಕ್ಕೆ ಎಲ್ಲಿ ಉಳಿಯಿತೋ ಅಲ್ಲಿ ತಗ್ಗಿದೆ. ಅಲ್ಲಿಗೆ ಮತ್ತೆ ಪ್ರೈಮರ್. ಇದನ್ನು ಬಿಟ್ಟವರಿಗೆ ತಗ್ಗು ಗೊತ್ತಾಗೋದು ಕ್ಲಿಯರ್ ಹೊಳೆದ ಮೇಲೆ.

## 10. ಬಣ್ಣ

"ಸಿಲ್ವರ್ ಕೊಡಿ" ಅಂತ ಅಂಗಡಿಗೆ ಹೋಗಬೇಡಿ. ಬಾಗಿಲ ಕಂಬದ ಮೇಲೋ ಬಾನೆಟ್ ಕೆಳಗೋ ತಟ್ಟೆಯ ಮೇಲೆ ಕಲರ್ ಕೋಡ್ ಇರುತ್ತದೆ. ಮಾರುತಿಯ ಸಿಲ್ಕಿ ಸಿಲ್ವರ್ ಅಂದರೆ ಝಡ್2ಎಸ್. ಕೋಡ್ ಹೇಳಿದರೆ ಬಣ್ಣ ತೂಕ ಮಾಡಿ ಬೆರೆಸಿ, ಕೆಲವು ಕಡೆ ಸ್ಪ್ರೇ ಡಬ್ಬಿಗೂ ತುಂಬಿಕೊಡುತ್ತಾರೆ. ಸಾಧ್ಯವಾದರೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನೋ ಕಾರನ್ನೋ ಅಂಗಡಿಗೆ ಒಯ್ಯಿರಿ. ಐದಾರು ವರ್ಷ ಬಿಸಿಲು ತಿಂದ ಬಣ್ಣ ಕೋಡಿನ ಬಣ್ಣಕ್ಕಿಂತ ಒಂದು ಚೂರು ಬೇರೆಯೇ ಆಗಿರುತ್ತದೆ.

ಕಾರಿಗೆ ಹೊಡೆಯುವ ಮೊದಲು ಹಳೇ ಲಗ್ನಪತ್ರಿಕೆಯ ಹಿಂಬದಿಗೆ ಹೊಡೆದು, ಅರ್ಧಕ್ಕೆ ಕ್ಲಿಯರ್ ಹಾಕಿ ಒಣಗಿಸಿ. ಬಿಸಿಲಲ್ಲಿ ಬಂಪರಿನ ಪಕ್ಕ ಹಿಡಿದು ನೆಟ್ಟಗೆ ಒಮ್ಮೆ, ಓರೆಯಾಗಿ ಒಮ್ಮೆ ನೋಡಿ. ಮೆಟಾಲಿಕ್ ಬಣ್ಣ ನೆಟ್ಟಗೆ ನೋಡಿದಾಗ ಕಪ್ಪಾಗಿ ಕಂಡರೆ ತುಂಬ ಒದ್ದೆಯಾಗಿ ಹೊಡೆದಿರಬಹುದು.

ಹೊತ್ತು ನೋಡಿಕೊಳ್ಳಿ. ಏಪ್ರಿಲಿನ ದಾವಣಗೆರೆ ಬಿಸಿಲಲ್ಲಿ ಬಣ್ಣ ಬಂಪರ್ ಮುಟ್ಟುವ ಮೊದಲೇ ಅರ್ಧ ಒಣಗಿ ಮರಳಿನಂತೆ ಕೂರುತ್ತದೆ. ಜುಲೈ ತೇವದಲ್ಲಿ ಹೊಡೆದರೆ ಹಾಲು ಕಟ್ಟಿದಂತೆ ಬೆಳ್ಳಗಾಗುತ್ತದೆ. ಚಿತ್ರದುರ್ಗದವರಿಗೆ ಗಾಳಿಯದೇ ಗೋಳು. ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿದ್ದಾರಾ? ಬೆಳಗ್ಗೆ ಇಬ್ಬನಿ ಆರಿ, ಗಾಳಿ ಏಳುವ ಮುಂಚಿನ ಒಂದೆರಡು ಗಂಟೆ ಒಳ್ಳೇದು. ನೆಲಕ್ಕೆ ನೀರು ಚಿಮುಕಿಸಿದರೆ ಧೂಳು ಏಳಲ್ಲ.

ಟೇಪನ್ನು ಗೀರಿನ ಹತ್ತಿರ ಚೌಕವಾಗಿ ಅಂಟಿಸಬೇಡಿ. ಫೋಟೋಗಳಲ್ಲಿ ಕಾಣುವ ಆ ಗೆರೆ ಬರೋದು ಇದರಿಂದ. ಬಂಪರಿನ ಏಣು, ಲೈಟಿನ ಅಂಚಿನವರೆಗೆ ಜಾಗ ಬಿಟ್ಟು, ಅದರಾಚೆಗೆ ಟೇಪ್, ಪೇಪರ್ ಹಚ್ಚಿ. ಆ ಜಾಗದ ಹಳೇ ಕ್ಲಿಯರನ್ನೂ 2000 ಪೇಪರಿನಿಂದ ಮಂಕು ಮಾಡಿ, ಇಲ್ಲದಿದ್ದರೆ ಹೊಸ ಕ್ಲಿಯರ್ ಹಿಡಿಯಲ್ಲ.

ಡಬ್ಬಿಯನ್ನು ಪೂರ್ತಿ ಎರಡು ನಿಮಿಷ ಅಲ್ಲಾಡಿಸಿ. ಒಂದು ಗೇಣು ದೂರ ಹಿಡಿಯಿರಿ. ಜಾಗದ ಆಚೆಯೇ ಬಟನ್ ಒತ್ತಿ, ಕೈಯನ್ನು ನೇರವಾಗಿ ಎಳೆದು, ಆಚೆ ಹೋದ ಮೇಲೆ ಬಿಡಿ. ಮೊದಲ ಪದರದಲ್ಲಿ ಪ್ರೈಮರ್ ಕಾಣುತ್ತಲೇ ಇರಬೇಕು. ಅಲ್ಲೇ ಮುಚ್ಚಿಬಿಡೋಣ ಅನಿಸುತ್ತದೆ, ಅಲ್ವಾ? ಅನಿಸಲಿ, ಮುಚ್ಚಬೇಡಿ. ಹತ್ತು ನಿಮಿಷಕ್ಕೊಂದರಂತೆ ಮೂರು ನಾಲ್ಕು ಪದರದಲ್ಲಿ ಮುಚ್ಚಿದರೆ ಸಾಕು. ಮೆಟಾಲಿಕ್ ಬಣ್ಣವನ್ನು ಉಜ್ಜಲೇಬಾರದು, ಬೆಳ್ಳಿ ಪುಡಿ ಕದಡಿ ಕಲೆ ಬೀಳುತ್ತದೆ.

## 11. ಕ್ಲಿಯರ್, ಮತ್ತು ಕೆಟ್ಟಾಗ

ಬಣ್ಣದ ಒದ್ದೆ ಹೊಳಪು ಹೋಗಿ ಮಂಕಾದ ಮೇಲೆ ಕ್ಲಿಯರ್. ಮೊದಲ ಪದರ ತೆಳು, ಆಮೇಲಿನ ಎರಡು ಸ್ವಲ್ಪ ತುಂಬಿ. ಬಣ್ಣ ಹೋದ ಜಾಗಕ್ಕಿಂತ ಆಚೆಗೆ, ಮಂಕು ಮಾಡಿದ ಕಡೆಯವರೆಗೂ ಒಯ್ಯಿರಿ.

ಇಳಿದು ಸೋರಿದರೆ ಮುಟ್ಟಬೇಡಿ. ಬೆರಳಿನಿಂದ ಒರೆಸಲು ಹೋಗಿ ಕೆಡಿಸಿಕೊಂಡವರೇ ಎಲ್ಲಾ. ವಾರ ಬಿಟ್ಟು 2000ದಲ್ಲಿ ಸಮ ಮಾಡಿ. ಕಿತ್ತಳೆ ಸಿಪ್ಪೆಯಂತೆ ಗುಳಿಗುಳಿ ಬಂದರೂ ಅದೇ ಮದ್ದು. ಫಿಶ್ ಐ ಎದ್ದರೆ ಅದರ ಮೇಲೆ ಮತ್ತೆ ಮತ್ತೆ ಹೊಡೆಯಬೇಡಿ, ಒಣಗಿಸಿ ಉಜ್ಜಿ 4ನೇ ಹಂತದಿಂದ ಶುರು ಮಾಡಿ. ಬಣ್ಣ ಸುಕ್ಕುಗಟ್ಟಿ ಮೇಲೆದ್ದರೆ ಕೆಳಗಿನ ಪದರ ಒಣಗಿರಲಿಲ್ಲ, ಅಥವಾ ಎರಡು ಬೇರೆ ಜಾತಿಯ ಪೇಂಟ್ ಸೇರಿವೆ. ಅದನ್ನು ಕೆರೆದು ತೆಗೆಯದೆ ಬೇರೆ ದಾರಿಯಿಲ್ಲ.

ಟೇಪನ್ನು ಕ್ಲಿಯರ್ ಪೂರ್ತಿ ಗಟ್ಟಿಯಾಗುವ ಮುಂಚೆ, ಅಂಚಿನಿಂದ ಹೊರಕ್ಕೆ ಮಡಚಿಕೊಂಡು ಎಳೆಯಿರಿ.

## 12. ಆಮೇಲಿನ ಒಂದು ತಿಂಗಳು

ಮುಟ್ಟಿದರೆ ಒಣಗಿದೆ ಅನಿಸಿದರೂ ಒಳಗೆ ಇನ್ನೂ ಹಸಿ. ಒಂದು ವಾರ ತೊಳೆಯಬೇಡಿ, ಬೇವಿನ ಮರದ ಕೆಳಗೆ ನಿಲ್ಲಿಸಬೇಡಿ. ಹಕ್ಕಿ ಹಿಕ್ಕೆ ಬಿದ್ದರೆ ಒದ್ದೆ ಬಟ್ಟೆ ಇಟ್ಟು ನೆನೆಸಿ ಎತ್ತಿ. ವ್ಯಾಕ್ಸ್ ಒಂದು ತಿಂಗಳ ನಂತರ. ವಾಟರ್ ಸರ್ವಿಸ್‌ಗೆ ಕೊಡುವಾಗ ಆ ಮೂಲೆ ತೋರಿಸಿ, ಗನ್ ಎರಡಡಿ ದೂರ ಹಿಡಿ ಅಂತ ಹೇಳಿ.

ಹಾರ್ಡ್ನರ್ ಬೆರೆಸಿದ ಕ್ಲಿಯರ್ ಉಳಿದರೆ ಇಡಬೇಡಿ, ಕಲ್ಲಾಗುತ್ತದೆ. ಬಣ್ಣ ಉಳಿದರೆ ಸಣ್ಣ ಗಾಜಿನ ಬಾಟಲಿಗೆ ಕಂಠದವರೆಗೆ ತುಂಬಿ, ಮುಚ್ಚಳದ ಸುರುಳಿ ಒರೆಸಿ ಬಿಗಿಯಾಗಿ ಮುಚ್ಚಿ. ಮೇಲೆ ಕೋಡ್, ತಾರೀಖು ಬರೆದ ಚೀಟಿ ಅಂಟಿಸಿ, ಮಕ್ಕಳಿಗೆ ಎಟುಕದ ತಂಪು ಕಪಾಟಿನಲ್ಲಿ ಇಡಿ. ಕಾರಿನ ಡಿಕ್ಕಿಯಲ್ಲಿ ಬೇಡ, ಬೇಸಿಗೆಯಲ್ಲಿ ಸ್ಪ್ರೇ ಡಬ್ಬಿಯಂತೂ ಸಿಡಿಯಬಹುದು.